ಚೀನಾದ ಡ್ರ್ಯಾಗನ್‌ಗೂ ಮಳೆಗೂ ಇರುವ ನಂಟು

ಪ್ರಶ್ನೆ: ಕೆಲಸದ ಮೇಲೆ ಸಿಂಗಪುರಕ್ಕೆ ಬಂದು ನೆಲೆಸಿದ್ದೇನೆ. ಚಿಕ್ಕಂದಿನಿಂದ ಸಿನಿಮಾಗಳಲ್ಲಿ ನೋಡಿದ ಡ್ರ್ಯಾಗನ್ ಬೆಂಕಿ ಉಗುಳುತ್ತದೆ, ಊರು ಸುಡುತ್ತದೆ, ಕೊನೆಗೆ ಯಾರೋ ಒಬ್ಬ ವೀರನ ಕತ್ತಿಗೆ ಸಾಯುತ್ತದೆ. ಇಲ್ಲಿ ನೋಡಿದರೆ ಚೀನೀಯರ ಗುಡಿಗಳ ಮಾಡಿನ ಮೇಲೆ, ಮದುವೆಯ ಆಮಂತ್ರಣದ ಮೇಲೆ, ಹೊಸ ವರ್ಷದ ಮೆರವಣಿಗೆಯಲ್ಲಿ ಎಲ್ಲೆಲ್ಲೂ ಡ್ರ್ಯಾಗನ್. 2024ರಲ್ಲಿ ಮಗು ಹುಟ್ಟಿದ ಸಹೋದ್ಯೋಗಿಯೊಬ್ಬರು ‘ನಮ್ಮದು ಡ್ರ್ಯಾಗನ್ ಮಗು’ ಎಂದು ಸಂಭ್ರಮಪಟ್ಟರು. ಇವರಿಗೆ ಅದೇಕೆ ಇಷ್ಟು ಮಂಗಳಕರ? ಅದು ಅರಸರ ಗುರುತಾದದ್ದು ಹೇಗೆ? ನಮ್ಮ ನಾಗನಿಗೂ ಅದಕ್ಕೂ ಸಂಬಂಧ ಇದೆಯೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳು ಒಂದೇ ಕಡೆಗೆ ಹೋಗಿ ಸೇರುತ್ತವೆ, ನೀರಿಗೆ. ಚೀನಾದ ಡ್ರ್ಯಾಗನ್ ಮೋಡದಲ್ಲಿ, ಮಡುವಿನಲ್ಲಿ, ಹೊಳೆಯಲ್ಲಿ, ಕಡಲಿನಲ್ಲಿ ಇರುವ ಜೀವಿ. ಅದರ ಕೆಲಸ ಮಳೆ ತರುವುದು. ಮಳೆ ನಂಬಿ ಬಿತ್ತುವ ನಾಡಿನಲ್ಲಿ ಅಂಥ ಜೀವಿಯನ್ನು ಪೂಜಿಸದೆ ಇರಲು ಸಾಧ್ಯವಿಲ್ಲ, ಹೆದರದೆ ಇರಲೂ ಸಾಧ್ಯವಿಲ್ಲ. ‘ಪಶ್ಚಿಮದವರ ಡ್ರ್ಯಾಗನ್ ಕೆಟ್ಟದ್ದು, ಚೀನೀಯರದ್ದು ಒಳ್ಳೆಯದು’ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಅರ್ಧ ಸತ್ಯ. ಹದಕ್ಕೆ ಬಂದರೆ ಪೈರು, ಮುನಿದರೆ ಬರ, ಸೊಕ್ಕಿದರೆ ನೆರೆ. ಈ ಮೂರೂ ಅದರ ಕೈಯಲ್ಲೇ ಇವೆ ಎಂದು ಜನ ನಂಬಿದ್ದರು. ಅರಸರು ಆಮೇಲೆ ಬಂದು ಈ ನಂಬಿಕೆಯ ಮೇಲೆ ತಮ್ಮ ಸಿಂಹಾಸನ ಹಾಕಿಕೊಂಡರು.

ಎಷ್ಟು ಹಿಂದಿನದು ಎಂದು ತಿಳಿದರೆ ಆಶ್ಚರ್ಯವಾಗುತ್ತದೆ. ಹೆನಾನ್ ಪ್ರಾಂತ್ಯದ ಪುಯಾಂಗ್ ಪಟ್ಟಣದಲ್ಲಿ ಷೀಷುಯ್‌ಪೊ ಎಂಬ ಜಾಗವಿದೆ. 1987ರಲ್ಲಿ ಅಲ್ಲಿ ಅಗೆಯುವಾಗ 6000 ವರ್ಷಗಳಿಗೂ ಹಿಂದಿನ ಸಮಾಧಿಯೊಂದು ಸಿಕ್ಕಿತು. ನಡುವೆ ಮನುಷ್ಯನ ಅಸ್ಥಿಪಂಜರ. ಅದರ ಪೂರ್ವಕ್ಕೆ ಕಪ್ಪೆಚಿಪ್ಪುಗಳನ್ನು ಜೋಡಿಸಿ ಮಾಡಿದ ಡ್ರ್ಯಾಗನ್, ಪಶ್ಚಿಮಕ್ಕೆ ಅದೇ ಚಿಪ್ಪುಗಳ ಹುಲಿ. ಡ್ರ್ಯಾಗನ್ 1.78 ಮೀಟರ್ ಉದ್ದ, ಸರಿಸುಮಾರು ಒಬ್ಬ ಆಳಿನಷ್ಟು. ಉತ್ತರದ ಹೊಂಗ್‌ಶಾನ್ ಸಂಸ್ಕೃತಿಯ ಜನ, ಇಂದಿಗೆ 5000 ವರ್ಷಗಳಿಗೂ ಹಿಂದೆ, ಹಸಿರು ಜೇಡ್ ಕಲ್ಲಿನಲ್ಲಿ ಸುರುಳಿ ಸುತ್ತಿಕೊಂಡ, ಹಂದಿಯ ಮೂತಿಯ ಪುಟ್ಟ ಡ್ರ್ಯಾಗನ್‌ಗಳನ್ನು ಕಡೆಯುತ್ತಿದ್ದರು. ಲುವೊಯಾಂಗ್ ಹತ್ತಿರದ ಎರ್‌ಲಿಟೊದಲ್ಲಿ 2002ರಲ್ಲಿ ಮತ್ತೊಂದು ಸಮಾಧಿ ಸಿಕ್ಕಿತು. ಸತ್ತವನ ಮೈಮೇಲೆ, ಭುಜದಿಂದ ಸೊಂಟದವರೆಗೆ, 2000ಕ್ಕೂ ಹೆಚ್ಚು ಟರ್ಕಾಯ್ಸ್ ಎಂಬ ಹಸಿರು ಬೆರೆತ ನೀಲಿ ಹರಳಿನ ಚೂರುಗಳಿಂದ ಮಾಡಿದ ಡ್ರ್ಯಾಗನ್ ಇತ್ತು. ಮರವೋ ತೊಗಲೋ ಆಗಿದ್ದ ತಳ ಕೊಳೆತು ಹೋಗಿತ್ತು, ಹರಳುಗಳು ಮಾತ್ರ ಇದ್ದಲ್ಲೇ ಉಳಿದಿದ್ದವು. ಈ ಮೂರು ಕಡೆಯವರೂ ಒಂದೇ ಪ್ರಾಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂದು ನಾನು ಹೇಳಲಾರೆ. ಆಗ ಬರವಣಿಗೆ ಇರಲಿಲ್ಲ, ‘ಡ್ರ್ಯಾಗನ್’ ಎಂಬ ಹೆಸರು ನಾವು ಇಟ್ಟದ್ದು. ಒಂದು ಮಾತಂತೂ ಖಚಿತ: ಚೀನಾದಲ್ಲಿ ಚಕ್ರವರ್ತಿ ಎಂಬವನು ಹುಟ್ಟುವ ಮೊದಲೇ ಈ ಸುರುಳಿ ಮೈಯ ಜೀವಿ ಸತ್ತವರ ಜೊತೆಗೆ ಮಣ್ಣು ಸೇರುತ್ತಿತ್ತು.

ಬರವಣಿಗೆಯಲ್ಲಿ ನಮಗೆ ಸಿಗುವ ಚೊಕ್ಕ ವಿವರಣೆ ಕ್ರಿ.ಶ. 100ರ ಸುಮಾರಿಗೆ ಷು ಷೆನ್ ಎಂಬ ಪಂಡಿತ ಮಾಡಿದ ನಿಘಂಟಿನದು. ಹುರುಪೆಯುಳ್ಳ ಜೀವಿಗಳಿಗೆಲ್ಲ ಇದು ಒಡೆಯ ಎನ್ನುತ್ತಾನೆ ಆತ. ಮರೆಯಾಗಬಲ್ಲದು, ಬೆಳಗಬಲ್ಲದು. ಸಣ್ಣದಾಗಬಲ್ಲದು, ದೊಡ್ಡದಾಗಬಲ್ಲದು. ವಸಂತದಲ್ಲಿ ಹಗಲು ಇರುಳು ಸಮನಾದ ದಿನ ಆಕಾಶಕ್ಕೆ ಏರುತ್ತದೆ, ಶರತ್ಕಾಲದಲ್ಲಿ ಮತ್ತೆ ಅವು ಸಮನಾದ ದಿನ ಆಳದ ಮಡುವಿಗೆ ಇಳಿಯುತ್ತದೆ.

ಈ ಕೊನೆಯ ಮಾತನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಇದನ್ನು ಆಕಾಶದಲ್ಲಿ ಕಣ್ಣಾರೆ ಕಾಣಬಹುದು. ಚೀನೀಯರೂ ನಮ್ಮ ಹಾಗೆಯೇ ಚಂದ್ರನ ದಾರಿಯನ್ನು ಭಾಗ ಮಾಡಿದವರು, ಅವರ ಲೆಕ್ಕ 28. ಅದರಲ್ಲಿ ಪೂರ್ವದ ಏಳು ಮನೆಗಳು ಸೇರಿ ಒಂದು ಹಸಿರು ಡ್ರ್ಯಾಗನ್ ಆಗುತ್ತದೆ. ಅದರ ಕೊಂಬಿನ ತುದಿ ನಮ್ಮ ಚಿತ್ತಾ ನಕ್ಷತ್ರ. ಅದರ ಎದೆಗುಂಡಿಗೆ ಕೆಂಪಗೆ ಮಿನುಗುವ ನಮ್ಮ ಜ್ಯೇಷ್ಠಾ. ವೃಶ್ಚಿಕದ ಕೊಂಡಿ ಎಂದು ನಾವು ತೋರಿಸುವ ಮೂಲಾ ಭಾಗ ಅವರಿಗೆ ಡ್ರ್ಯಾಗನ್‌ನ ಬಾಲ. ಮಾರ್ಚ್ ಹೊತ್ತಿಗೆ ಕತ್ತಲಾದ ಮೇಲೆ ಪೂರ್ವದಲ್ಲಿ ಮೊದಲು ಕೊಂಬು ಮೇಲೆದ್ದು ಬರುತ್ತದೆ, ತಿಂಗಳುಗಳು ಉರುಳಿದಂತೆ ಎದೆ, ಬಾಲ. ಬೇಸಿಗೆಯಲ್ಲಿ ಇಡೀ ದೇಹ ಆಕಾಶದ ತುಂಬ ಚಾಚಿಕೊಂಡಿರುತ್ತದೆ. ಶರತ್ಕಾಲ ಬಂದಾಗ ಪಶ್ಚಿಮದಲ್ಲಿ ಸೂರ್ಯನ ಹಿಂದೆಯೇ ಮುಳುಗುತ್ತದೆ. ಉತ್ತರ ಚೀನಾದಲ್ಲಿ ಮಳೆ ಶುರುವಾಗಿ ಮುಗಿಯುವ ಕಾಲವೂ ಹೆಚ್ಚುಕಡಿಮೆ ಇದೇ. ನಮ್ಮ ರೈತರು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂದು ನೋಡಿ ‘ಚಿತ್ತಾ ಮಳೆ’ ಎನ್ನುತ್ತಾರೆ, ಅದು ಅಕ್ಟೋಬರಿನ ಮಾತು. ಅಲ್ಲಿನವರು ಅದೇ ನಕ್ಷತ್ರ ಸಂಜೆ ಹುಟ್ಟುವುದನ್ನು ನೋಡಿ ಬಿತ್ತನೆಗೆ ಸಿದ್ಧರಾಗುತ್ತಿದ್ದರು. ಹುಬೇ ಪ್ರಾಂತ್ಯದಲ್ಲಿ 1978ರಲ್ಲಿ ತೆರೆದ, ಕ್ರಿ.ಪೂ. 433ರ ಸುಮಾರಿನ ಜೆಂಗ್ ಸಾಮಂತನ ಸಮಾಧಿಯಲ್ಲಿ ಅರಗಿನ ಬಣ್ಣದ ಪೆಟ್ಟಿಗೆಯೊಂದಿದೆ. ಅದರ ಮುಚ್ಚಳದ ಮೇಲೆ ಈ 28 ಮನೆಗಳ ಹೆಸರು ಸುತ್ತಲೂ ಬರೆದು, ಒಂದು ಬದಿಗೆ ಡ್ರ್ಯಾಗನ್, ಇನ್ನೊಂದು ಬದಿಗೆ ಹುಲಿ ಚಿತ್ರಿಸಿದ್ದಾರೆ. ಪುಯಾಂಗ್‌ನ ಚಿಪ್ಪಿನ ಡ್ರ್ಯಾಗನ್ ಮತ್ತು ಹುಲಿಯೂ ಇದೇ ಪೂರ್ವ–ಪಶ್ಚಿಮದಲ್ಲಿ ಮಲಗಿದ್ದವು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಚಾಂದ್ರಮಾನದ ಎರಡನೇ ತಿಂಗಳ ಎರಡನೇ ದಿನವನ್ನು ಚೀನೀಯರು ಡ್ರ್ಯಾಗನ್ ತಲೆ ಎತ್ತುವ ದಿನ ಎಂದು ಇಂದಿಗೂ ಆಚರಿಸುತ್ತಾರೆ. ವರ್ಷದ ಮೊದಲ ತಿಂಗಳಿಡೀ ಕೂದಲು ಕತ್ತರಿಸದವರು ಅಂದು ಕ್ಷೌರದಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ನೂಡಲ್ಸ್ ತಿಂದರೆ ಡ್ರ್ಯಾಗನ್ ಮೀಸೆ ತಿಂದಂತೆ, ಕಡುಬು ತಿಂದರೆ ಡ್ರ್ಯಾಗನ್ ಕಿವಿ ತಿಂದಂತೆ. ಹಳೆಯ ಮನೆಗಳಲ್ಲಿ ಹೆಂಗಸರು ಅಂದು ಸೂಜಿ ಮುಟ್ಟುತ್ತಿರಲಿಲ್ಲ, ಈಗಷ್ಟೇ ತಲೆ ಎತ್ತಿದ ಅದರ ಕಣ್ಣಿಗೆ ಚುಚ್ಚಿಬಿಟ್ಟರೆ ಎಂಬ ಭಯ. ಅರಮನೆಯ ಡ್ರ್ಯಾಗನ್‌ಗಿಂತ ಈ ಮನೆವಾರ್ತೆಯ ಡ್ರ್ಯಾಗನ್ ನನಗೆ ಹೆಚ್ಚು ಹತ್ತಿರ.

ಮಳೆ ಬಾರದಿದ್ದರೆ ಏನು ಮಾಡುತ್ತಿದ್ದರು? ಕ್ರಿ.ಪೂ. ಎರಡನೇ ಶತಮಾನದಲ್ಲಿ ಇದ್ದ ಡೋಂಗ್ ಝೋಂಗ್‌ಷು ಎಂಬ ಕನ್‌ಫ್ಯೂಷಿಯಸ್ ಪಂಥದ ವಿದ್ವಾಂಸನ ಹೆಸರಿನಲ್ಲಿ ಉಳಿದಿರುವ ಗ್ರಂಥದಲ್ಲಿ ಪೂರ್ತಿ ವಿಧಿಯೇ ಇದೆ. ವಸಂತದಲ್ಲಿ ಬರ ಬಿದ್ದರೆ ಮಣ್ಣಿನಲ್ಲಿ ಎಂಟು ಝಾಂಗ್ ಉದ್ದದ, ಅಂದರೆ ಸುಮಾರು 18 ಮೀಟರಿನ, ಹಸಿರು ಡ್ರ್ಯಾಗನ್ ಮಾಡಬೇಕು. ಜೊತೆಗೆ ಅದರ ಅರ್ಧದಷ್ಟು ಉದ್ದದ ಏಳು ಮರಿಗಳು, ಎಲ್ಲವೂ ಪೂರ್ವಕ್ಕೆ ಮುಖ ಮಾಡಿ. ಎಂಟು ಹುಡುಗರು ಮೂರು ದಿನ ವ್ರತ ಹಿಡಿದು, ಹಸಿರು ಬಟ್ಟೆ ಉಟ್ಟು ಕುಣಿಯಬೇಕು. ಬೇಸಿಗೆಯಾದರೆ ಕೆಂಪು ಡ್ರ್ಯಾಗನ್, ಶರತ್ಕಾಲಕ್ಕೆ ಬಿಳಿ, ಚಳಿಗಾಲಕ್ಕೆ ಕಪ್ಪು, ಒಂದೊಂದಕ್ಕೂ ಬೇರೆ ದಿಕ್ಕು, ಬೇರೆ ಅಳತೆ. ಊರಿನ ದಕ್ಷಿಣದ ಬಾಗಿಲು ಮುಚ್ಚಿ ಉತ್ತರದ ಬಾಗಿಲು ತೆರೆಯಬೇಕು, ದಕ್ಷಿಣ ಬೆಂಕಿಯ ದಿಕ್ಕು, ಉತ್ತರ ನೀರಿನದು. ಗ್ರಾಮದೇವತೆಯ ಕಟ್ಟೆಯಲ್ಲಿ ಸಣ್ಣ ಗುಂಡಿ ತೋಡಿ, ನೀರು ತುಂಬಿ, ಐದು ಕಪ್ಪೆಗಳನ್ನು ಬಿಡಬೇಕು. ಮಳೆಗಾಲ ತಡವಾದರೆ ಕಪ್ಪೆಗಳಿಗೆ ಮದುವೆ ಮಾಡಿಸುವ ಊರುಗಳು ಕರ್ನಾಟಕದಲ್ಲಿ ಇಂದಿಗೂ ಇರುವುದರಿಂದ ಈ ಕಪ್ಪೆಗಳ ಸಂಗತಿ ನಿಮಗೆ ವಿಚಿತ್ರ ಎನಿಸಲಾರದು. ಒಂದರಿಂದ ಇನ್ನೊಂದು ಬಂತು ಎಂದು ನಾನು ಹೇಳುತ್ತಿಲ್ಲ. ಮಳೆಗೆ ಮೊದಲು ವಟಗುಟ್ಟುವ ಜೀವಿಯನ್ನು ಎರಡೂ ಕಡೆಯ ರೈತರು ಗಮನಿಸಿದ್ದರು.

ಪೂಜೆಗೆ ಬಗ್ಗದಿದ್ದರೆ ಶಿಕ್ಷೆ. ಡ್ರ್ಯಾಗನ್ ರಾಜನ ಮೂರ್ತಿಯನ್ನು ಗುಡಿಯಿಂದ ಹೊರಗೆ ತಂದು ಉರಿಬಿಸಿಲಿನಲ್ಲಿ ಕೂರಿಸುವ ಪದ್ಧತಿ ಚೀನಾದ ಅನೇಕ ಹಳ್ಳಿಗಳಲ್ಲಿ ಇತ್ತು. ‘ನಮ್ಮ ಹೊಲ ಹೇಗೆ ಬೆಂದಿದೆ ಎಂದು ನೀನೂ ನೋಡು’ ಎಂಬುದು ಅದರ ಭಾವ. ಭಕ್ತಿ ಇದ್ದಲ್ಲಿಯೇ ಈ ಸಲಿಗೆಯೂ ಇರುವುದು. ಹಾಗೆಂದು ಎಲ್ಲರೂ ಕಣ್ಣುಮುಚ್ಚಿ ನಂಬಿದವರಲ್ಲ. ಕ್ರಿ.ಶ. ಮೊದಲ ಶತಮಾನದ ವಾಂಗ್ ಚೋಂಗ್ ಎಂಬ ಚಿಂತಕ, ಮರಕ್ಕೆ ಸಿಡಿಲು ಬಡಿದಾಗ ‘ಒಳಗಿದ್ದ ಡ್ರ್ಯಾಗನ್ ಆಕಾಶಕ್ಕೆ ಹಾರಿತು’ ಎನ್ನುವ ಜನರ ಮಾತನ್ನು ಒಂದು ಇಡೀ ಅಧ್ಯಾಯ ಬರೆದು ಅಲ್ಲಗಳೆದ.

ಈಗ ಇದರ ಕರಾಳ ಮುಖ, ಪ್ರವಾಸಿ ಪುಸ್ತಕಗಳು ಬಿಟ್ಟುಬಿಡುವ ಭಾಗ. ಸಿಚುವಾನ್ ಪ್ರಾಂತ್ಯದ ದುಜಿಯಾಂಗ್‌ಯಾನ್‌ನಲ್ಲಿ ಕ್ರಿ.ಪೂ. 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಯನ್ನು ಎರಡಾಗಿ ಸೀಳಿ ನೀರಾವರಿ ಕಟ್ಟಿದ. ಇಂದಿಗೂ ಅದು ಚೆಂಗ್ಡು ಬಯಲಿಗೆ ನೀರು ಕೊಡುತ್ತಿದೆ. ಅಲ್ಲಿನ ಜನ ಹೇಳುವ ಕಥೆಯಲ್ಲಿ ನೆರೆ ತರುತ್ತಿದ್ದ ದುಷ್ಟ ಡ್ರ್ಯಾಗನ್ ಒಂದನ್ನು ಹಿಡಿದು ಮಡುವಿನಲ್ಲಿ ಸರಪಳಿ ಹಾಕಿ ಕಟ್ಟಲಾಯಿತು. ಆ ಮಡುವಿನ ಮೇಲೆಯೇ ಡ್ರ್ಯಾಗನ್ ಅಡಗಿಸಿದ ಗುಡಿ ನಿಂತಿದೆ. ರೆಕ್ಕೆಯುಳ್ಳ ಯಿಂಗ್‌ಲೋಂಗ್ ಎಂಬ ಡ್ರ್ಯಾಗನ್‌ನ ಪುರಾಣ ಇನ್ನೂ ಹಳೆಯದು. ಹಳದಿ ಚಕ್ರವರ್ತಿಯ ಪರವಾಗಿ ಯುದ್ಧಕ್ಕೆ ಇಳಿದು, ಚಿಯೋ ಎಂಬ ಎದುರಾಳಿಯನ್ನು ಕೊಂದ ಮೇಲೆ ಅದಕ್ಕೆ ಮತ್ತೆ ಮೇಲೆ ಹೋಗಲಾಗಲಿಲ್ಲ. ಆಕಾಶದಲ್ಲಿ ಮಳೆ ಸುರಿಸುವವರು ಇಲ್ಲದೆ ಭೂಮಿಗೆ ಮತ್ತೆ ಮತ್ತೆ ಬರ ಬಂತು, ಆಗ ಜನ ಅದರ ರೂಪ ಮಾಡಿ ಮಳೆ ಪಡೆದರು ಎನ್ನುತ್ತದೆ ಪುರಾಣ. ಮುಂದೆ ಮಹಾಪ್ರಳಯದ ನೀರನ್ನು ಯು ಎಂಬ ಅರಸ ಕಡಲಿಗೆ ಹರಿಸುವಾಗ ಇದೇ ಯಿಂಗ್‌ಲೋಂಗ್ ಬಾಲದಿಂದ ನೆಲ ಗೀರಿ ಕಾಲುವೆಯ ದಾರಿ ತೋರಿಸಿತಂತೆ. ಬರ ತಂದದ್ದೂ ನೆರೆ ಇಳಿಸಿದ್ದೂ ಒಂದೇ ಜೀವಿ. ಹಳದಿ ನದಿ ಎಷ್ಟು ಸಲ ದಡ ಮೀರಿ, ಪಾತ್ರ ಬದಲಿಸಿ, ಊರೂರನ್ನೇ ನುಂಗಿದೆ ಎಂದು ತಿಳಿದವರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ.

ನಾಗನ ಪ್ರಶ್ನೆಗೆ ಬರೋಣ. ಮೂಲದಲ್ಲಿ ಇಬ್ಬರೂ ಬೇರೆ. ಮೇಲೆ ಹೇಳಿದ ಸಮಾಧಿಗಳು ಭಾರತದ ಸಂಪರ್ಕಕ್ಕೆ ಸಾವಿರಾರು ವರ್ಷ ಮೊದಲಿನವು. ನಮ್ಮ ನಾಗ ಹೆಡೆ ಬಿಚ್ಚುವ ನಾಗರಹಾವು, ಹುತ್ತಕ್ಕೆ, ನೆಲಕ್ಕೆ, ಪಾತಾಳಕ್ಕೆ ಸೇರಿದವನು. ಅವರ ಡ್ರ್ಯಾಗನ್‌ಗೆ ಹೆಡೆ ಇಲ್ಲ, ಕಾಲು ಇವೆ, ಕೊಂಬು ಇವೆ, ಅದು ಮೋಡ ಏರಿ ಹೋಗುತ್ತದೆ. ಆದರೆ ಬೌದ್ಧ ಧರ್ಮ ಚೀನಾ ತಲುಪಿದ ಮೇಲೆ ಇಬ್ಬರೂ ಬೆರೆತರು. ಸೂತ್ರಗಳನ್ನು ಚೀನೀ ಭಾಷೆಗೆ ತಂದವರು ನಾಗ ಎಂದು ಇದ್ದಲ್ಲೆಲ್ಲ ತಮ್ಮ ಡ್ರ್ಯಾಗನ್ನಿನ ಹೆಸರನ್ನೇ ಬಳಸಿದರು. ಕುಮಾರಜೀವ ಎಂಬ ಬೌದ್ಧ ಭಿಕ್ಷು 406ರಲ್ಲಿ ಅನುವಾದಿಸಿದ ಸದ್ಧರ್ಮಪುಂಡರೀಕ ಸೂತ್ರದಲ್ಲಿ ಬುದ್ಧನ ಉಪದೇಶ ಕೇಳಲು ಎಂಟು ನಾಗರಾಜರು ಬಂದು ಕೂರುತ್ತಾರೆ. ಅವರಲ್ಲಿ ವಾಸುಕಿ ಇದ್ದಾನೆ, ತಕ್ಷಕ ಇದ್ದಾನೆ, ಸಾಗರ ಇದ್ದಾನೆ. ಸಮುದ್ರಮಥನದ ಹಗ್ಗವಾದ ವಾಸುಕಿ, ಪರೀಕ್ಷಿತನನ್ನು ಕಚ್ಚಿದ ತಕ್ಷಕ, ಇಬ್ಬರೂ ಚೀನಾದಲ್ಲಿ ಡ್ರ್ಯಾಗನ್ ರಾಜರಾದರು!

ಆ ಮೊದಲು ಚೀನಾದ ಡ್ರ್ಯಾಗನ್‌ಗೆ ಅರಮನೆ, ಮಂತ್ರಿಗಳು, ಮಗಳು, ರತ್ನದ ಭಂಡಾರ ಎಂಬ ಸಂಸಾರ ಇರಲಿಲ್ಲ. ಅದು ಮೋಡದೊಳಗಿನ ಶಕ್ತಿ, ಅಷ್ಟೇ. ಕಡಲ ತಳದ ಅರಮನೆಯಲ್ಲಿ ಕಿರೀಟ ಇಟ್ಟುಕೊಂಡು ಕೂರುವ ಡ್ರ್ಯಾಗನ್ ರಾಜನ ರೂಪದಲ್ಲಿ ಭಾರತದ ನಾಗರಾಜನ ಪಾಲು ದೊಡ್ಡದು. ಸೋಂಗ್ ವಂಶದ ಹ್ವಿಜೋಂಗ್ ಚಕ್ರವರ್ತಿ 12ನೇ ಶತಮಾನದ ಆರಂಭದಲ್ಲಿ ಐದು ಬಣ್ಣದ ಡ್ರ್ಯಾಗನ್‌ಗಳಿಗೆ ರಾಜ ಪದವಿಗಳನ್ನೇ ದಯಪಾಲಿಸಿದ. ಮಿಂಗ್ ಕಾಲದ ಕಾದಂಬರಿಗಳ ಹೊತ್ತಿಗೆ ನಾಲ್ಕು ಕಡಲಿಗೆ ನಾಲ್ಕು ರಾಜರು, ಎಲ್ಲರ ಮನೆತನದ ಹೆಸರು ಆವೊ. ಪೂರ್ವ ಕಡಲಿನ ರಾಜನ ಮಗನನ್ನು ಕೊಂದು ಅವನ ನರ ಕೀಳುವ ತುಂಟ ಹುಡುಗ ನೆಜಾ ನಿಮಗೆ ಸಿಂಗಪುರದ ಗುಡಿಗಳಲ್ಲಿ ಸಿಗುತ್ತಾನೆ. ಅವನ ಮೂಲವನ್ನು ಹುಡುಕಿದರೆ ಕುಬೇರನ ಮಗ ನಳಕೂಬರ ಸಿಗುತ್ತಾನೆ. ಬೌದ್ಧ ಗ್ರಂಥಗಳ ಜೊತೆ ಹೋದವನು ಅವನೂ.

ನಾಗನಿಗೂ ನೀರಿಗೂ ಇರುವ ನಂಟಿಗೆ ಕರ್ನಾಟಕದಲ್ಲೇ ಹಳೆಯ ಸಾಕ್ಷಿ ಇದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆ ಇದೆ. ಅದರ ಮೇಲಿನ ಪ್ರಾಕೃತ ಶಾಸನ ಚುಟು ವಂಶದ ಕಾಲದ್ದು. ರಾಜಕುಮಾರಿಯೊಬ್ಬಳು ಮಾಡಿದ ದಾನವನ್ನು ಅದು ಹೇಳುತ್ತದೆ: ಒಂದು ನಾಗ, ಒಂದು ಕೆರೆ, ಒಂದು ವಿಹಾರ. ಈ ಮೂರೂ ಒಂದೇ ಸಾಲಿನಲ್ಲಿ ಬಂದಿರುವುದನ್ನು ನೋಡಿ. ಕೆರೆ ಕಾಯುವ ನಾಗನೂ ಬೌದ್ಧ ಭಿಕ್ಷುಗಳೂ ಒಟ್ಟಿಗೆ ಇದ್ದ ಇಂಥ ಲೋಕದಿಂದಲೇ ನಾಗರಾಜರು ಮಧ್ಯ ಏಷ್ಯಾದ ದಾರಿ ಹಿಡಿದು ಚೀನಾಕ್ಕೆ ಹೋದದ್ದು. ಅಲ್ಲಿ ಮೊದಲೇ ಮಳೆಯ ಯಜಮಾನನೊಬ್ಬ ಇದ್ದುದರಿಂದ ಬಂದವರಿಗೆ ಸುಲಭವಾಗಿ ಜಾಗ ಸಿಕ್ಕಿತು.

ಇನ್ನು ಅರಸರು. ಮಳೆ ತರುವುದು ಚೀನಾದಲ್ಲಿ ಮೊದಲಿನಿಂದಲೂ ಆಳುವವನ ಹೊಣೆ. ಶಾಂಗ್ ವಂಶದ ರಾಜರು ಎತ್ತಿನ ಎಲುಬು, ಆಮೆ ಚಿಪ್ಪು ಕಾಯಿಸಿ, ಬಿರುಕು ನೋಡಿ, ‘ಮಳೆ ಬರುತ್ತದೆಯೇ’ ಎಂದು ಪಿತೃಗಳನ್ನು ಕೇಳುತ್ತಿದ್ದರು. ಕೇಳಿದ್ದನ್ನು ಅದೇ ಎಲುಬಿನ ಮೇಲೆ ಕೊರೆದಿಡುತ್ತಿದ್ದರು. 3000 ವರ್ಷ ಕಳೆದ ಮೇಲೆ ರೈತರು ಹೊಲ ಉಳುವಾಗ ಸಿಕ್ಕ ಈ ಎಲುಬುಗಳನ್ನು ‘ಡ್ರ್ಯಾಗನ್ ಎಲುಬು’ ಎಂದು ಔಷಧದಂಗಡಿಗೆ ಮಾರುತ್ತಿದ್ದರು, ಅಲ್ಲಿ ಅರೆದು ಕಷಾಯಕ್ಕೆ ಹಾಕುತ್ತಿದ್ದರು. 1899ರಲ್ಲಿ ವಾಂಗ್ ಯಿರೋಂಗ್ ಎಂಬ ವಿದ್ವಾಂಸರು ಅವುಗಳ ಮೇಲಿನ ಗೀರು ಅಕ್ಷರ ಎಂದು ಗುರುತಿಸಿದರು. ಅಷ್ಟರೊಳಗೆ ರಾಜರ ಎಷ್ಟು ಪ್ರಶ್ನೆಗಳನ್ನು ರೋಗಿಗಳು ಕುಡಿದು ಮುಗಿಸಿದ್ದರೋ! ಬೀಜಿಂಗ್ ಹತ್ತಿರ ಪೀಕಿಂಗ್ ಮಾನವ ಎಂಬ ಆದಿಮಾನವನ ತಲೆಬುರುಡೆ 1929ರಲ್ಲಿ ಸಿಕ್ಕ ಗುಡ್ಡದ ಹೆಸರೂ ಡ್ರ್ಯಾಗನ್ ಎಲುಬಿನ ಗುಡ್ಡವೇ.

ಹಾನ್ ವಂಶ ಕಟ್ಟಿದ ಲಿಯು ಬಾಂಗ್ ರೈತರ ಮನೆಯ ಹುಡುಗ. ಕ್ರಿ.ಪೂ. 202ರಲ್ಲಿ ಚಕ್ರವರ್ತಿಯಾದ. ಕುಲಗೌರವ ಇಲ್ಲದವನಿಗೆ ಕಥೆ ಬೇಕಾಯಿತು. ಅವನ ತಾಯಿ ಕೆರೆಯ ದಂಡೆಯಲ್ಲಿ ಮಲಗಿದ್ದಾಗ ಗುಡುಗು ಮಿಂಚು ಕವಿಯಿತು, ಹುಡುಕಿಕೊಂಡು ಬಂದ ಗಂಡ ಅವಳ ಮೇಲೆ ಡ್ರ್ಯಾಗನ್ ಇದ್ದುದನ್ನು ಕಂಡ, ಆಮೇಲೆ ಅವಳು ಬಸಿರಾದಳು ಎಂದು ಇತಿಹಾಸಕಾರ ಸಿಮಾ ಚಿಯಾನ್ ದಾಖಲಿಸಿದ್ದಾನೆ. ಕೆರೆ, ಗುಡುಗು, ಮಿಂಚು, ಡ್ರ್ಯಾಗನ್: ರೈತನ ಮಳೆಯ ಸರಂಜಾಮೆಲ್ಲ ಅರಸನ ಹುಟ್ಟಿನ ಕಥೆಗೆ ಬಂದು ಕೂತಿತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುವು ಇದೇ. ಅದಕ್ಕೂ ಮೊದಲು, ಕ್ರಿ.ಪೂ. 233ರಲ್ಲಿ ಸತ್ತ ಹಾನ್ ಫೇ ಎಂಬ ರಾಜನೀತಿಜ್ಞ ಒಂದು ಎಚ್ಚರಿಕೆ ಬರೆದಿಟ್ಟಿದ್ದ. ಡ್ರ್ಯಾಗನ್ನನ್ನು ಪಳಗಿಸಬಹುದು, ಸವಾರಿಯನ್ನೂ ಮಾಡಬಹುದು. ಆದರೆ ಅದರ ಗಂಟಲ ಕೆಳಗೆ ಒಂದಡಿಯಷ್ಟು ಜಾಗದಲ್ಲಿ ಹುರುಪೆ ಉಲ್ಟಾ ಇರುತ್ತದೆ, ಅದನ್ನು ಮುಟ್ಟಿದವನನ್ನು ಅದು ಕೊಲ್ಲದೆ ಬಿಡುವುದಿಲ್ಲ. ಅರಸರಿಗೂ ಹಾಗೆ ಉಲ್ಟಾ ಹುರುಪೆ ಇರುತ್ತದೆ, ಬುದ್ಧಿ ಹೇಳಲು ಹೋಗುವವರು ನೋಡಿಕೊಳ್ಳಿ ಎಂದ. ಆತ ಕೊನೆಗೆ ಚಿನ್ ಅರಸನ ಸೆರೆಮನೆಯಲ್ಲೇ ಸತ್ತ.

ಕಾಲ ಕಳೆದಂತೆ ಡ್ರ್ಯಾಗನ್ನಿನ ಉಗುರಿಗೂ ಕಾನೂನು ಬಂತು. ಎರಡು ಕೊಂಬು, ಐದು ಉಗುರಿನ ಡ್ರ್ಯಾಗನ್ ಜನಸಾಮಾನ್ಯರ ಬಟ್ಟೆಯ ಮೇಲೆ ಇರಕೂಡದು ಎಂದು ಮಂಗೋಲರ ಯುವಾನ್ ಸರ್ಕಾರ 1314ರಲ್ಲಿ ನಿಯಮ ಮಾಡಿತು. ಮಿಂಗ್, ಚಿಂಗ್ ವಂಶಗಳ ಕಾಲದಲ್ಲಿ ದೊಡ್ಡ ಅಧಿಕಾರಿಗಳಿಗೆ ನಾಲ್ಕು ಉಗುರಿನ ರೂಪ ಸಿಗುತ್ತಿತ್ತು, ಅದನ್ನು ಡ್ರ್ಯಾಗನ್ ಎನ್ನದೆ ಹೆಬ್ಬಾವು ಎಂದೇ ಕರೆಯುತ್ತಿದ್ದರು. ಚಿಂಗ್ ಚಕ್ರವರ್ತಿಯ ನಿಲುವಂಗಿಯ ಮೇಲೆ ಒಂಬತ್ತು ಡ್ರ್ಯಾಗನ್‌ಗಳು ಇರುತ್ತಿದ್ದವು, ಆದರೆ ಹೊರಗಿನಿಂದ ಎಣಿಸಿದರೆ ಎಂಟೇ. ಒಂಬತ್ತನೆಯದು ಒಳಮಡಿಕೆಯಲ್ಲಿ ಅವನ ಮೈಗೆ ತಾಗಿಕೊಂಡಿರುತ್ತಿತ್ತು. ಮುಂದಿನಿಂದ ನೋಡಿದವರಿಗೆ ಐದು ಕಾಣುತ್ತವೆ. ಒಂಬತ್ತು ಮತ್ತು ಐದು ಸೇರಿದರೆ ಸಿಂಹಾಸನದ ಸಂಕೇತ. ಈ ಸಂಕೇತ ಬಂದದ್ದು ಯಿ ಜಿಂಗ್ ಎಂಬ ಪ್ರಾಚೀನ ಶಕುನ ಗ್ರಂಥದಿಂದ. ಅದರ ಮೊದಲ ಅಧ್ಯಾಯದಲ್ಲಿ ಡ್ರ್ಯಾಗನ್ ಆರು ಹಂತ ಏರುತ್ತದೆ. ಮೊದಲು ನೀರಿನಲ್ಲಿ ಅಡಗಿರುತ್ತದೆ, ಆಗ ಕೈಹಾಕಬೇಡ. ಆಮೇಲೆ ಹೊಲದಲ್ಲಿ ಕಾಣಿಸಿಕೊಳ್ಳುತ್ತದೆ. ಐದನೇ ಹಂತದಲ್ಲಿ ಆಕಾಶದಲ್ಲಿ ಹಾರುತ್ತದೆ. ಅರಸನ ಜಾಗ ಅದು. ಆರನೆಯದು ಸೊಕ್ಕಿ ಮೇಲೇರಿದ ಡ್ರ್ಯಾಗನ್, ಅದಕ್ಕೆ ಪಶ್ಚಾತ್ತಾಪ ಕಾದಿದೆ.

ಬೀಜಿಂಗ್‌ನ ಅರಮನೆಯಲ್ಲಿ ಕಂಬ, ಮೆಟ್ಟಿಲು, ಸೂರು ಎಲ್ಲೆಡೆ ಡ್ರ್ಯಾಗನ್. ಅಲ್ಲಿಗೆ ಹೋದರೆ ಮಾಡಿನ ಎರಡು ತುದಿಗಳನ್ನು ತಲೆ ಎತ್ತಿ ನೋಡಿ. ಬಾಯಿ ತೆರೆದು ಮಾಡಿನ ದಿಂಡನ್ನೇ ಕಚ್ಚಿಕೊಂಡಿರುವ ದೊಡ್ಡ ಡ್ರ್ಯಾಗನ್ ತಲೆಗಳಿವೆ. ಅವು ಬೆಂಕಿ ನುಂಗುತ್ತವೆ, ನೀರು ತರುತ್ತವೆ ಎಂದು ನಂಬಿ ಇಟ್ಟದ್ದು, ಯಾಕೆಂದರೆ ಕಟ್ಟಡವೆಲ್ಲ ಮರದ್ದು. 1420ರಲ್ಲಿ ಮುಗಿದ ಮೂರು ಮುಖ್ಯ ಸಭಾಭವನಗಳು ಮರುವರ್ಷವೇ ಸಿಡಿಲಿಗೆ ಸುಟ್ಟುಹೋದವು ಎಂದರೆ ಆ ಭಯ ಎಷ್ಟು ನಿಜ ಎಂದು ತಿಳಿಯುತ್ತದೆ. ಅದೇ ಆವರಣದಲ್ಲಿ 1772ರಲ್ಲಿ ಕಟ್ಟಿದ, 29 ಮೀಟರ್ ಉದ್ದದ, ಹೊಳಪು ಹೆಂಚಿನ ಒಂಬತ್ತು ಡ್ರ್ಯಾಗನ್ ಗೋಡೆ ಇದೆ. ಬಿಳಿಯ ಡ್ರ್ಯಾಗನ್ ಒಂದರ ಹೊಟ್ಟೆಯ ಒಂದು ತುಂಡು ಮರದ್ದು. ಸುಡುವಾಗ ಹೆಂಚು ಒಡೆಯಿತು, ಗಡುವು ಹತ್ತಿರ ಬಂದಿತ್ತು, ಕುಶಲಕರ್ಮಿಗಳು ರಾತ್ರೋರಾತ್ರಿ ಮರ ಕೆತ್ತಿ ಬಣ್ಣ ಬಳಿದು ಕೂರಿಸಿದರು ಎಂದು ಅಲ್ಲಿ ಕಥೆ ಹೇಳುತ್ತಾರೆ. ಗೋಡೆಯ ಬಗ್ಗೆಯೇ ಆಸಕ್ತಿ ಇದ್ದರೆ ದಾತೋಂಗ್‌ನ 45 ಮೀಟರಿನದು ಇದಕ್ಕಿಂತ ಹಳೆಯದು, 1392ರದು.

ನೋಡಲು ಹೇಗಿರುತ್ತದೆ ಎಂಬುದಕ್ಕೂ ಒಂದು ಪಾಠ ಇದೆ: ಜಿಂಕೆಯ ಕೊಂಬು, ಒಂಟೆಯ ತಲೆ, ಹಾವಿನ ಕೊರಳು, ಕಾರ್ಪ್ ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಪಾದ, ಎತ್ತಿನ ಕಿವಿ, ಹೀಗೆ ಒಂಬತ್ತು ಹೋಲಿಕೆ. ಇದನ್ನೇ ಹಿಡಿದು ಕವಿ, ವಿದ್ವಾಂಸ ವೆನ್ ಯಿದುವೊ 1940ರ ದಶಕದಲ್ಲಿ, ಹಾವನ್ನು ಕುಲಚಿಹ್ನೆಯಾಗಿ ಉಳ್ಳ ಬುಡಕಟ್ಟು ಬೇರೆಯವರನ್ನು ಸೇರಿಸಿಕೊಂಡಂತೆ ಅವರ ಪ್ರಾಣಿಗಳ ಅಂಗಗಳೂ ಬಂದು ಸೇರಿದವು ಎಂದು ವಾದಿಸಿದರು. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ, ದೇಶ ಒಂದಾಗಬೇಕಿದ್ದ ಕಾಲ ಅದು. ಸುಂದರವಾದ ವಾದ, ಆದರೆ ನನಗೆ ಒಪ್ಪಿಗೆ ಇಲ್ಲ. ಅಷ್ಟು ಹಳೆಯ ಡ್ರ್ಯಾಗನ್‌ಗಳಲ್ಲಿ ಈ ಒಂಬತ್ತು ಅಂಗಗಳು ಕಾಣುವುದೇ ಇಲ್ಲ. ‘ನಾವು ಡ್ರ್ಯಾಗನ್ ಸಂತತಿ’ ಎಂದು ಚೀನೀಯರು ಈಗ ಹೆಮ್ಮೆಯಿಂದ ಹೇಳುವ ಮಾತು ಇಷ್ಟು ವ್ಯಾಪಕವಾದದ್ದೂ ತೀರ ಇತ್ತೀಚೆಗೆ, 1978ರಲ್ಲಿ ತೈವಾನ್‌ನಲ್ಲಿ ಹುಟ್ಟಿದ ಒಂದು ಹಾಡಿನಿಂದ. ಐದು ಉಗುರಿಗೆ ಶಿಕ್ಷೆ ಇದ್ದ ಕಾಲದಲ್ಲಿ ಯಾವ ರೈತನೂ ಹಾಗೆ ಬಹಿರಂಗವಾಗಿ ಹೇಳಿಕೊಳ್ಳುವ ಹಾಗಿರಲಿಲ್ಲ.

ಅಂಗಗಳ ಪಟ್ಟಿಗಿಂತ ಚಿತ್ರಕಾರರನ್ನು ನಂಬುವುದು ಮೇಲು. ಸೋಂಗ್ ಕಾಲದ ಅಧಿಕಾರಿ ಚೆನ್ ರೋಂಗ್ 1244ರಲ್ಲಿ ಬರೆದ ಒಂಬತ್ತು ಡ್ರ್ಯಾಗನ್‌ಗಳ ಉದ್ದನೆಯ ಸುರುಳಿ ಈಗ ಬಾಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿದೆ. ಮಸಿಯಲ್ಲಿ ಮೋಡ, ಅಲೆ, ಬಂಡೆ. ಅವುಗಳ ನಡುವೆ ಒಮ್ಮೆ ಕಣ್ಣು, ಒಮ್ಮೆ ಉಗುರು, ಒಮ್ಮೆ ಬೆನ್ನಿನ ತಿರುವು. ಎಲ್ಲಿ ಮೋಡ ಮುಗಿದು ಡ್ರ್ಯಾಗನ್ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಷು ಷೆನ್ ‘ಮರೆಯಾಗಬಲ್ಲದು, ಬೆಳಗಬಲ್ಲದು’ ಎಂದದ್ದು ಏನೆಂದು ನನಗೆ ಅರ್ಥವಾದದ್ದು ಆ ಚಿತ್ರದಿಂದ.

ಕೊನೆಗೆ ನಿಮ್ಮ ಸಹೋದ್ಯೋಗಿಯ ಮಗು. ಹನ್ನೆರಡು ವರ್ಷಗಳ ಚಕ್ರದಲ್ಲಿ ಇಲಿ, ಎತ್ತು, ಹುಲಿ, ಮೊಲ ಎಂದು ಬರುವ ಪ್ರಾಣಿಗಳಲ್ಲಿ ಕಣ್ಣಿಗೆ ಕಾಣದ್ದು ಡ್ರ್ಯಾಗನ್ ಒಂದೇ. ಹಳದಿ ನದಿಯ ಡ್ರ್ಯಾಗನ್ ಬಾಗಿಲು ಎಂಬ ಕಣಿವೆಯಲ್ಲಿ ಹರಿವಿಗೆ ಎದುರಾಗಿ ಹಾರಿ ದಾಟಿದ ಕಾರ್ಪ್ ಮೀನು ಡ್ರ್ಯಾಗನ್ ಆಗುತ್ತದೆ ಎಂದು ಹಳೆಯ ಕಥೆ. ಸರ್ಕಾರಿ ಪರೀಕ್ಷೆ ಪಾಸಾದ ಬಡವರ ಮಗನನ್ನು ಶತಮಾನಗಳ ಕಾಲ ಆ ಮೀನಿಗೆ ಹೋಲಿಸಿದರು. ‘ಮಗ ಡ್ರ್ಯಾಗನ್ ಆಗಲಿ’ ಎಂಬುದು ಇಂದಿಗೂ ತಂದೆತಾಯಿಯರ ಹಾರೈಕೆ, ಶಾಲೆ ಟ್ಯೂಷನ್ ಒತ್ತಡವೆಲ್ಲ ಅದರೊಳಗೇ ಬರುತ್ತದೆ. ಹಾಗಾಗಿ ಆ ವರ್ಷಕ್ಕೆ ಹೆರಿಗೆ ಹೊಂದಿಸುವವರು ಸಿಂಗಪುರ, ತೈವಾನ್, ಚೀನಾ ಎಲ್ಲ ಕಡೆ ಇದ್ದಾರೆ. ಚೀನಾದಲ್ಲಿ 2023ರಲ್ಲಿ 90.2 ಲಕ್ಷ ಮಕ್ಕಳು ಹುಟ್ಟಿದ್ದರೆ 2024ರಲ್ಲಿ 95.4 ಲಕ್ಷ, ಏಳು ವರ್ಷ ಸತತವಾಗಿ ಇಳಿದಿದ್ದ ಸಂಖ್ಯೆ ಆ ವರ್ಷ ಏರಿತು. ಕೋವಿಡ್ ಕಾಲದಲ್ಲಿ ಮುಂದೂಡಿದ್ದ ಮದುವೆಗಳ ಪಾಲೂ ಅದರಲ್ಲಿದೆ, ಎಲ್ಲವನ್ನೂ ಡ್ರ್ಯಾಗನ್ ಲೆಕ್ಕಕ್ಕೆ ಬರೆಯಲಾಗದು. ನಿಮ್ಮ ಸಹೋದ್ಯೋಗಿಯ ಮಗು ಜನವರಿಯಲ್ಲಿ ಹುಟ್ಟಿದ್ದರೆ ಮಾತ್ರ ಒಮ್ಮೆ ಕ್ಯಾಲೆಂಡರ್ ನೋಡಲು ಹೇಳಿ. ಚಾಂದ್ರಮಾನದ ಡ್ರ್ಯಾಗನ್ ವರ್ಷ ಶುರುವಾದದ್ದು 2024ರ ಫೆಬ್ರವರಿ 10ರಂದು, ಅದಕ್ಕೂ ಮೊದಲು ಹುಟ್ಟಿದವರದು ಮೊಲದ ವರ್ಷ.